ಹಿತ್ತಾಳೆ ತೋಟಾದ ಹದ: ಮಳೆಗಾಲದ ಬಿರುಕಿನಿಂದ ಗುರಿಪಂದ್ಯದ ಮೇಜಿನವರೆಗೆ

ಬಂದೂಕಿನ ಚರಿತ್ರೆ ಬರೆದವರು ನಳಿಗೆಯ ಒಳಸುರುಳಿಗೆ, ಮದ್ದಿನ ರಸಾಯನಕ್ಕೆ, ಗುಂಡಿನ ಆಕಾರಕ್ಕೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಗುಂಡು, ಮದ್ದು, ಕೇಪು ಮೂರನ್ನೂ ಒಂದೆಡೆ ಹಿಡಿದಿಡುವ ಹಿತ್ತಾಳೆಯ ಕೋಶಕ್ಕೆ ಸಿಕ್ಕಿರುವುದು ಅಡಿಟಿಪ್ಪಣಿಯ ಜಾಗ ಮಾತ್ರ. ಆದರೆ ರೈಫಲ್ಲಿನ ಗುರಿ ಎಷ್ಟು ನಿಖರ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿ ಹೋದರೆ ಮತ್ತೆ ಮತ್ತೆ ಈ ಕೋಶದ ಬಳಿಗೇ ಬಂದು ನಿಲ್ಲುತ್ತೇವೆ. ಒಂದು ತೋಟಾ ಇನ್ನೊಂದರ ಹಾಗೆಯೇ ಸಿಡಿಯಬೇಕಾದರೆ ಎರಡರ ಅಳತೆ ಹೊಂದಿದರೆ ಸಾಲದು, ಎರಡರ ಲೋಹವೂ ಒಂದೇ ಹದದಲ್ಲಿರಬೇಕು. ಕೈಯಾರೆ ತೋಟಾ ತುಂಬುವ ಹವ್ಯಾಸಿಗಳು ಇಂದು ಇದನ್ನು ತಮ್ಮ ಕಸುಬಿನ ಗುಟ್ಟು ಎಂಬಂತೆ ಹೇಳಿಕೊಳ್ಳುತ್ತಾರೆ. ಈ ಅರಿವಿನ ಬಹುಪಾಲು ಹುಟ್ಟಿದ್ದು ಅವರ ಮೇಜಿನ ಮೇಲಲ್ಲ, ಸೈನ್ಯದ ಮದ್ದಿನ ಮನೆಗಳಲ್ಲಿ ಕೆಟ್ಟುಹೋದ ತೋಟಾಗಳಲ್ಲಿ ಎಂಬುದು ಈ ಲೇಖನದ ವಾದ. ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ಭಾರತದ ಮಳೆಗಾಲದಲ್ಲಿ.

1866ರಲ್ಲಿ ಬ್ರಿಟಿಷ್ ಸೈನ್ಯ ಸ್ನೈಡರ್ ರೈಫಲ್ಲನ್ನು ಒಪ್ಪಿಕೊಂಡಿತು. ಅದರ ಲೋಹದ ತೋಟಾವನ್ನು ರೂಪಿಸಿದವನು ವುಲ್‌ವಿಚ್‌ನ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೈರಮ್ ಬರ್ಡನ್ ಬೇರೊಂದು ಬಗೆಯ ಕೇಪಿನ ವ್ಯವಸ್ಥೆಗೆ ಪೇಟೆಂಟ್ ಪಡೆದ. ಬರ್ಡನ್ನನ ಕ್ರಮದಲ್ಲಿ ಕೇಪನ್ನು ಒತ್ತಿಹಿಡಿಯುವ ಪುಟ್ಟ ಅಡಿಗಲ್ಲು ಕೋಶದ ಬುಡದಲ್ಲೇ ಇರುತ್ತದೆ, ಕಿಡಿ ಹಾಯುವ ತೂತುಗಳು ಅದರ ಪಕ್ಕಕ್ಕೆ ಸರಿದಿರುತ್ತವೆ. ಬಾಕ್ಸರನ ಕ್ರಮದಲ್ಲಿ ಅಡಿಗಲ್ಲು ಕೇಪಿನೊಳಗೇ ಇದ್ದು, ಬುಡದ ನಟ್ಟನಡುವೆ ಒಂದೇ ತೂತು. ಸುಟ್ಟ ಕೇಪನ್ನು ಒಳಗಿನಿಂದ ಒಂದು ಕಡ್ಡಿಯಿಂದ ತಳ್ಳಿ ಹೊರಹಾಕಿದರೆ ಅದೇ ಕೋಶ ಮತ್ತೆ ತುಂಬಲು ಸಿದ್ಧ. ಇಂಗ್ಲಿಷ್ ಅಧಿಕಾರಿಯ ಈ ಕ್ರಮ ಅಮೆರಿಕದಲ್ಲಿ ಬೇರೂರಿತು, ಅಮೆರಿಕದವನದು ಯುರೋಪಿನಲ್ಲಿ. ಮನೆಯಲ್ಲಿ ತೋಟಾ ತುಂಬುವ ಕಸುಬು ಅಮೆರಿಕದಲ್ಲೇ ಹುಲುಸಾಗಿ ಬೆಳೆಯಲು ನಡುವಿನ ಆ ಒಂದು ತೂತು ದೊಡ್ಡ ಕಾರಣ.

ಬಾಕ್ಸರನ ಮೊದಲ ಕೋಶಗಳು ಅಖಂಡ ಲೋಹದವಲ್ಲ. ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ಕಬ್ಬಿಣದ ಬುಡಕ್ಕೆ ಕೂಡಿಸಿದವು. 1871ರ ಮಾರ್ಟಿನಿ-ಹೆನ್ರಿ ರೈಫಲ್ಲಿಗೂ ಇಂಥದೇ ತೋಟಾ. ಸುಡಾನಿನ ಸೆಕೆ, ಮರಳುಗಳ ನಡುವೆ ಸುರುಳಿ ಕೋಶಗಳು ನಳಿಗೆಯ ಬುಡದಲ್ಲಿ ಕಚ್ಚಿಕೊಂಡು ಹರಿದುಬಂದವು ಎಂಬ ದೂರುಗಳೆದ್ದ ಮೇಲೆ, 1880ರ ದಶಕದಲ್ಲಿ ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಅಖಂಡ ಕೋಶ ಬಳಕೆಗೆ ಬಂತು. ನಿಖರತೆಯ ದೃಷ್ಟಿಯಿಂದ ಈ ಬದಲಾವಣೆ ಹೊಗೆರಹಿತ ಮದ್ದಿನಷ್ಟೇ ದೊಡ್ಡದು ಎಂದು ನಾನು ಎಣಿಸುತ್ತೇನೆ.

ಎಳೆಯುವ ಕ್ರಮವನ್ನು ಸ್ವಲ್ಪ ನೋಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆಯ ಬಿಲ್ಲೆಯನ್ನು ಮೊದಲು ಬಟ್ಟಲಾಗಿ ಒತ್ತುತ್ತಾರೆ. ಆಮೇಲೆ ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳಲ್ಲಿ ತಳ್ಳಿ ತಳ್ಳಿ ಅದನ್ನು ಉದ್ದ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಲೋಹ ಗಡುಸಾಗುತ್ತದೆ, ಹಾಗೇ ಮುಂದುವರಿಸಿದರೆ ಸೀಳುತ್ತದೆ. ಬಡಿದು ಬಡಿದು ಗಡುಸಾದ ಚೆಂಬನ್ನು ನಾಗಮಂಗಲದ ಕುಶಲಕರ್ಮಿ ಮತ್ತೆ ಬೆಂಕಿಗೆ ಒಡ್ಡಿ ಮೆದು ಮಾಡಿಕೊಳ್ಳುವಂತೆ, ಇಲ್ಲೂ ಎಳೆತದ ನಡುನಡುವೆ ಕಾಸುತ್ತಾರೆ. ಕೊನೆಯಲ್ಲಿ ಬುಡ ಗಡುಸಾಗಿಯೇ ಉಳಿಯಬೇಕು, ಏಕೆಂದರೆ ಇಂದಿನ ರೈಫಲ್ ತೋಟಾಗಳಲ್ಲಿ ಚದರ ಅಂಗುಲಕ್ಕೆ 50,000 ಪೌಂಡಿಗೂ ಮಿಕ್ಕ ಒತ್ತಡ ತಡೆಯುವ ಭಾಗ ಅದು. ಗುಂಡನ್ನು ಹಿಡಿಯುವ ಕತ್ತು ಮೆದುವಾಗಿರಬೇಕು. ಒಂದೇ ತುಂಡು ಲೋಹದಲ್ಲಿ ಬುಡದಿಂದ ಬಾಯಿಯವರೆಗೆ ಹದ ಕ್ರಮವಾಗಿ ಇಳಿಯುತ್ತ ಬರಬೇಕು ಎಂಬುದೇ ಈ ಕಸುಬಿನ ಕಷ್ಟ.

ಇನ್ನು ಮಳೆಗಾಲದ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಬ್ರಿಟಿಷ್ ದಂಡಿನಲ್ಲಿ ಒಂದು ವಿಚಿತ್ರ ಕೇಡು ಕಾಣಿಸಿಕೊಂಡಿತ್ತು. ಮಳೆಗಾಲದಲ್ಲಿ ದಂಡಯಾತ್ರೆಗಳು ನಿಂತಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿದ್ದರು. ಮಳೆ ಕಳೆದು ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ ಕೋಶಗಳು ತಾವಾಗಿಯೇ ಸೀಳಿರುತ್ತಿದ್ದವು. ಬಿರುಕು ಹೆಚ್ಚಾಗಿ ಗುಂಡನ್ನು ಬಿಗಿದ ಕತ್ತಿನ ಬಳಿ. ಋತುವಿಗೆ ತಕ್ಕಂತೆ ಕಾಣಿಸಿಕೊಳ್ಳುತ್ತಿದ್ದುದರಿಂದ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ನಿಂತಿತು. ಹವೆಯನ್ನು ದೂರಿದವರಿದ್ದರು, ಕೆಟ್ಟ ಲೋಹವನ್ನು ದೂರಿದವರೂ ಇದ್ದರು.

ಜರ್ಮನಿಯ ಎಮಿಲ್ ಹೈನ್ 1914ರ ಹೊತ್ತಿಗೆ ತಣ್ಣಗೆ ಬಡಿದ, ಎಳೆದ ಲೋಹಗಳೊಳಗೆ ಅಡಗಿ ಉಳಿಯುವ ಬಿಗುವನ್ನು ಅಳೆದು ತೋರಿಸಿದ್ದ. ಹೊರಗಿನಿಂದ ಯಾವ ಭಾರವೂ ಇಲ್ಲದಾಗಲೂ ಲೋಹದ ಒಂದು ಪದರ ಇನ್ನೊಂದನ್ನು ಜಗ್ಗುತ್ತಲೇ ಇರುತ್ತದೆ. ಬಿರುಕಿಗೆ ಪೂರ್ತಿ ವಿವರಣೆ ಬಂದದ್ದು 1921ರಲ್ಲಿ, ವುಲ್‌ವಿಚ್‌ನ ಸಂಶೋಧನಾ ವಿಭಾಗದ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರಿಂದ. ಇನ್‌ಸ್ಟಿಟ್ಯೂಟ್ ಆಫ್ ಮೆಟಲ್ಸ್‌ನ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ, ಒಳಬಿಗುವೊಂದೇ ಆಗಲಿ ಅಮೋನಿಯಾ ಒಂದೇ ಆಗಲಿ ಈ ಕೇಡನ್ನು ಮಾಡಲಾರದು, ಎರಡೂ ಕೂಡಬೇಕು ಎಂಬುದನ್ನು ಸ್ಥಾಪಿಸಿತು. ಲಾಯದಲ್ಲಿ ಕುದುರೆಗಳ ಗಂಜಲ ಕೊಳೆತು ಅಮೋನಿಯಾ ಏಳುತ್ತದೆ. ಮಳೆಗಾಲದ ತೇವಕ್ಕೆ ಕೋಶದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ಅಮೋನಿಯಾ ಅದರಲ್ಲಿ ಕರಗಿ ಗಾಳಿಯ ಆಮ್ಲಜನಕದ ಜೊತೆಗೂಡಿ ತಾಮ್ರವನ್ನು ತಿನ್ನತೊಡಗುತ್ತದೆ. ಅದು ಮೇಲ್ಮೈಯನ್ನು ಸಮನಾಗಿ ತಿನ್ನುವುದಿಲ್ಲ, ಲೋಹದ ಹರಳುಗಳ ಸಂದುಗಳಲ್ಲಿ ಇಳಿಯುತ್ತದೆ. ಒಳಗೆ ಮೊದಲೇ ಜಗ್ಗಾಟವಿದ್ದಲ್ಲಿ ಸಂದು ಬಾಯಿಬಿಡುತ್ತದೆ. ಬೇಸಗೆಯಲ್ಲಿ ಅದೇ ಲಾಯದಲ್ಲಿ ಅದೇ ತೋಟಾ ಸುರಕ್ಷಿತ, ಏಕೆಂದರೆ ಪೊರೆಗೆ ಬೇಕಾದ ತೇವ ಆಗ ಇರುವುದಿಲ್ಲ.

ಪರಿಹಾರವೂ ಇದೇ ಸಂಶೋಧನೆಯಲ್ಲಿತ್ತು. ಇದಕ್ಕೆ ಒಂದು ವರ್ಷ ಮೊದಲೇ, 1920ರಲ್ಲಿ, ಮೂರ್ ಮತ್ತು ಬೆಕಿನ್‌ಸೇಲ್ 70:30 ಹಿತ್ತಾಳೆಯ ಒಳಬಿಗುವನ್ನು ಕಡಿಮೆ ಶಾಖದಲ್ಲಿ ಕಾಸಿ ಕಳೆಯುವ ಬಗೆಯನ್ನು ಪ್ರಕಟಿಸಿದ್ದರು. ಲೋಹವನ್ನು ಪೂರ್ತಿ ಮೆದು ಮಾಡುವ ಶಾಖಕ್ಕಿಂತ ಬಹಳ ಕೆಳಗೇ ಬಿಗುವು ಸಡಿಲುತ್ತದೆ, ಗಡಸುತನ ಮಾತ್ರ ಉಳಿಯುತ್ತದೆ. ಗಡಸು ಬೇರೆ, ಬಿಗುವು ಬೇರೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆಯಬಹುದು ಎಂಬ ಈ ತಿಳಿವಳಿಕೆ ತೋಟಾದ ಚರಿತ್ರೆಯಲ್ಲಿ ನಿಜವಾದ ತಿರುವು. ಅಳತೆಪಟ್ಟಿಗೆ ಸಿಗದ ಗುಣವೊಂದು ಒಂದು ಕೋಶವನ್ನು ಇನ್ನೊಂದರಿಂದ ಬೇರೆ ಮಾಡಬಲ್ಲದು ಎಂದು ಪ್ರಯೋಗಶಾಲೆ ಮೊದಲ ಸಲ ಅಧಿಕಾರವಾಣಿಯಿಂದ ಹೇಳಿತ್ತು.

ಅಮೆರಿಕದ ಸೈನ್ಯಕ್ಕೆ ಎದುರಾದ ಕೇಡು ಬೇರೆ ಬಗೆಯದು. ಅಲ್ಲಿ .45-70 ರೈಫಲ್ಲಿನ ಕಾಲದಲ್ಲಿ ಹಾರಿಸಿದ ಕೋಶಗಳನ್ನು ಆಯ್ದು ಮತ್ತೆ ತುಂಬುವುದು ಸೈನ್ಯದಲ್ಲೇ ರೂಢಿಯಿತ್ತು. ಹೊಗೆರಹಿತ ಮದ್ದು ಬಂದ ಮೇಲೆ, ಹೊರನೋಟಕ್ಕೆ ಚೆನ್ನಾಗಿದ್ದ ಹಳೆಯ ಕೋಶಗಳು ಎರಡನೆಯ ಸಲಕ್ಕೆ ಒಡೆಯತೊಡಗಿದವು. ಕೇಪಿನಲ್ಲಿದ್ದ ಪಾದರಸದ ಫಲ್ಮಿನೇಟ್ ಇದಕ್ಕೆ ಕಾರಣ. ಕರಿಮದ್ದಿನ ದಟ್ಟ ಮಸಿ ಮೊದಲೆಲ್ಲ ಆ ಪಾದರಸವನ್ನು ಹೀರಿಕೊಳ್ಳುತ್ತಿತ್ತು. ಹೊಸ ಮದ್ದಿನಲ್ಲಿ ಮಸಿಯೇ ಇಲ್ಲದ್ದರಿಂದ ಪಾದರಸ ನೇರವಾಗಿ ಹಿತ್ತಾಳೆಯೊಳಗೆ ಇಳಿದು ಅದನ್ನು ಪುಡಿಯಾಗುವಷ್ಟು ಪೆಡಸು ಮಾಡಿತು. 1890ರ ದಶಕದ ಕೊನೆಗೆ ಫ್ರ್ಯಾಂಕ್‌ಫರ್ಡ್ ಶಸ್ತ್ರಾಗಾರ ಪಾದರಸವಿಲ್ಲದ ಕೇಪುಗಳಿಗೆ ಬದಲಾಯಿತು. ಅಂಗಡಿಯ ತೋಟಾಗಳಲ್ಲಿ ಪಾದರಸ ಇನ್ನೂ ಹಲವು ದಶಕ ಉಳಿದುಕೊಂಡಿತು.

ಸೈನ್ಯದಾಚೆ ನಡೆಯುತ್ತಿದ್ದ ಗುರಿಪಂದ್ಯಗಳಲ್ಲಿ ಕೋಶದಿಂದ ಕೋಶಕ್ಕೆ ಹದ ಬದಲಾಗುವ ಸಮಸ್ಯೆಯನ್ನು ಬಹಳ ಚೆಂದವಾಗಿ ತಪ್ಪಿಸಿಕೊಂಡವರಿದ್ದರು. ಅಮೆರಿಕಕ್ಕೆ ವಲಸೆ ಬಂದ ಜರ್ಮನರ ಶ್ಯೂಟ್ಸೆನ್ ಪಂದ್ಯಗಳಲ್ಲಿ ನುರಿತ ಈಡುಗಾರರು ಇಡೀ ದಿನ ಒಂದೇ ಕೋಶವನ್ನು ಬಳಸುತ್ತಿದ್ದರು. ಸೀಸದ ಗುಂಡನ್ನು ಬೇರೆಯಾಗಿ ನಳಿಗೆಯ ಸುರುಳಿಗೇ ಕೂರಿಸುವುದು, ನಳಿಗೆ ತಯಾರಕ ಹ್ಯಾರಿ ಪೋಪನ ಬಂದೂಕುಗಳಲ್ಲಾದರೆ ನಳಿಗೆಯ ಬಾಯಿಂದಲೇ ತಳ್ಳುವುದು, ಹಿಂದಿನಿಂದ ಮದ್ದು ತುಂಬಿದ ಕೋಶ ಇಡುವುದು, ಹಾರಿಸಿದ ಮೇಲೆ ಕೇಪು ಬದಲಿಸಿ ಅದನ್ನೇ ಮತ್ತೆ ತುಂಬುವುದು. ಗುಂಡು ಕೋಶದ ಕತ್ತನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಕತ್ತಿನ ಹಿಡಿತದಲ್ಲಿ ಏರುಪೇರು ಎಂಬ ಪ್ರಶ್ನೆಯೇ ಏಳಲಿಲ್ಲ. 1884ರಿಂದ ಜಾನ್ ಬಾರ್ಲೋನ ಐಡಿಯಲ್ ಕಂಪನಿ ಇಕ್ಕಳದಂಥ ಸಲಕರಣೆಗಳನ್ನು ಮಾರಿ ತೋಟಾ ತುಂಬುವ ಕೆಲಸವನ್ನು ಸಾಮಾನ್ಯ ಬೇಟೆಗಾರನ ಮನೆಗೂ ತಲುಪಿಸಿತು. ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರ್ಯಾಂಕ್ಲಿನ್ ಮ್ಯಾನ್ 1909ರಲ್ಲಿ ತನ್ನ ದೀರ್ಘಕಾಲದ ಪ್ರಯೋಗಗಳನ್ನು ಪುಸ್ತಕ ಮಾಡಿದಾಗ ಅವನ ಗಮನವೆಲ್ಲ ಗುಂಡಿನ ಸಮತೋಲದ ಮೇಲಿತ್ತು. ಕೋಶ ಇನ್ನೂ ಅವನ ಪ್ರಶ್ನೆಯಾಗಿರಲಿಲ್ಲ.

ಅದು ಪ್ರಶ್ನೆಯಾದದ್ದು ಎರಡನೆಯ ಮಹಾಯುದ್ಧದ ನಂತರ, ರೈಫಲ್ಲನ್ನು ಮೇಜಿನ ಮೇಲೆ ಊರಿ ಗುರಿಯಿಡುವ ಬೆಂಚ್‌ರೆಸ್ಟ್ ಪಂದ್ಯಗಳಲ್ಲಿ. 1950ರಲ್ಲಿ ಮೈಕ್ ವಾಕರ್ ರೂಪಿಸಿದ .222 ರೆಮಿಂಗ್ಟನ್ ತೋಟಾ ಬಂತು, ಮರುವರ್ಷ ಅಮೆರಿಕದಲ್ಲಿ ಬೆಂಚ್‌ರೆಸ್ಟ್ ಈಡುಗಾರರ ರಾಷ್ಟ್ರೀಯ ಸಂಘ ಹುಟ್ಟಿತು. ಕತ್ತಿನ ಗೋಡೆ ಸುತ್ತಲೂ ಒಂದೇ ದಪ್ಪವಿರುವಂತೆ ಅಂಗುಲದ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಹೆರೆಯುವುದು, ಎಲ್ಲ ಕೋಶಗಳ ಉದ್ದ ಸಮ ಮಾಡುವುದು, ಕೇಪಿನ ಗುಳಿಯನ್ನು ಚಪ್ಪಟೆಗೊಳಿಸುವುದು, ಕಿಡಿತೂತಿನ ಒಳಚೂರು ತೆಗೆಯುವುದು, ತೂಗಿ ಬೇರ್ಪಡಿಸುವುದು ಇವೆಲ್ಲ ಪದ್ಧತಿಯಾದವು. ಇವುಗಳಲ್ಲಿ ತೂಗುವುದರ ಬಗ್ಗೆ ನನಗೆ ತಕರಾರಿದೆ. ತೂಕದಿಂದ ಒಳಗಿನ ಅವಕಾಶವನ್ನು ಊಹಿಸುತ್ತಾರೆ. ಆದರೆ ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಸಾಂದ್ರ. ಹೊರ ಆಕಾರ ಒಂದೇ ಎಂದಿಟ್ಟುಕೊಂಡರೂ ಎಂಟೂವರೆ ಗ್ರೇನ್ ತೂಕದ ವ್ಯತ್ಯಾಸ ಒಳಗೆ ಒಂದು ಗ್ರೇನ್ ನೀರಿನಷ್ಟು ಜಾಗವನ್ನು ಮಾತ್ರ ಬದಲಿಸುತ್ತದೆ. ವ್ಯತ್ಯಾಸ ಬುಡದ ಅಂಚಿನಲ್ಲೇ ಇದ್ದರೆ ಒಳಗೆ ಏನೂ ಬದಲಾಗುವುದಿಲ್ಲ. ನೀರು ತುಂಬಿಸಿ ತೂಗುವುದು ನೇರವಾದ ದಾರಿ.

1970ರ ದಶಕದ ನಡುವಿನಲ್ಲಿ ಲೂಯಿಸ್ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ .220 ರಷ್ಯನ್ ಕೋಶವನ್ನು ತಿದ್ದಿ 6 ಎಂಎಂ ಪಿಪಿಸಿ ಮಾಡಿದರು. ಗಿಡ್ಡನೆಯ ಒಡಲು, ಚಿಕ್ಕ ಕೇಪು, ಸುಮಾರು ಒಂದೂವರೆ ಮಿಲಿಮೀಟರಿನ ಕಿಡಿತೂತು. ಪಂದ್ಯದ ಮೈದಾನದಲ್ಲೇ ಕೂತು ಬೆರಳೆಣಿಕೆಯ ಕೋಶಗಳನ್ನು ಸುತ್ತಿನಿಂದ ಸುತ್ತಿಗೆ ಮತ್ತೆ ಮತ್ತೆ ತುಂಬುವ ರೂಢಿ ಈ ತೋಟಾದೊಂದಿಗೆ ಗಟ್ಟಿಯಾಯಿತು.

ಹೀಗೆ ಮತ್ತೆ ಮತ್ತೆ ತುಂಬಿದಾಗಲೇ ಹದದ ಪ್ರಶ್ನೆ ಮರಳುತ್ತದೆ. ಹಾರಿಸಿದಾಗ ಕತ್ತು ಹಿಗ್ಗುತ್ತದೆ, ಅಚ್ಚಿಗೆ ಹಾಕಿದಾಗ ಕುಗ್ಗುತ್ತದೆ, ಪ್ರತಿ ಸಲವೂ ಇನ್ನಷ್ಟು ಗಡುಸಾಗುತ್ತದೆ. ಗಡುಸಾದ ಕತ್ತು ಅಚ್ಚಿನಿಂದ ಹೊರಬಂದೊಡನೆ ಹೆಚ್ಚು ಪುಟಿದುಕೊಳ್ಳುವುದರಿಂದ ಗುಂಡಿನ ಮೇಲಿನ ಹಿಡಿತ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಕೊನೆಗೆ ಕತ್ತು ಸೀಳುತ್ತದೆ. ತಟ್ಟೆಯ ನೀರಿನಲ್ಲಿ ಬುಡ ಮುಳುಗುವಂತೆ ಕೋಶಗಳನ್ನು ನಿಲ್ಲಿಸಿ, ಮೇಲಿನ ಕತ್ತಿಗೆ ಜ್ವಾಲೆ ಹಿಡಿದು ನೀರಿಗೆ ಉರುಳಿಸುವುದು ಹಳೆಯ ಹವ್ಯಾಸಿಗಳ ಕ್ರಮ. ನೀರಿನ ಕೆಲಸ ಬುಡವನ್ನು ತಣ್ಣಗಿಡುವುದು, ಏಕೆಂದರೆ ಮೆದುವಾದ ಬುಡ ಹಾರಿಸುವವನ ಕಣ್ಣಿಗೂ ಮುಖಕ್ಕೂ ಅಪಾಯ. ಆದರೆ ಜ್ವಾಲೆಯಡಿ ಒಂದು ಕ್ಷಣ ಹೆಚ್ಚು ನಿಂತ ಕೋಶದ ಹದ ಪಕ್ಕದ್ದಕ್ಕಿಂತ ಬೇರೆಯಾಗುತ್ತಿತ್ತು. ವಿದ್ಯುತ್ ಸುರುಳಿಯ ನಡುವೆ ಕತ್ತನ್ನಿಟ್ಟು, ಸಮಯವನ್ನು ಸೆಕೆಂಡಿನ ಭಾಗಗಳಲ್ಲಿ ಗೊತ್ತುಮಾಡಿ ಕಾಸುವ ಯಂತ್ರಗಳು ಬಂದ ಮೇಲೆ ಈ ತೊಂದರೆ ಬಹುಮಟ್ಟಿಗೆ ತಗ್ಗಿದೆ. ಕಾಸಿದ ಕತ್ತನ್ನು ಸೀಳಿ ನಯಗೊಳಿಸಿ ವಿಕರ್ಸ್ ಗಡಸು ಅಳೆದು ನೋಡುವ ಪರೀಕ್ಷೆಯೂ ಈಗ ಶಸ್ತ್ರಾಗಾರಗಳ ಸ್ವತ್ತಾಗಿ ಉಳಿದಿಲ್ಲ. ಅಮೋನಿಯಾ ಬೆರೆತ ಪಾಲಿಶ್‌ನಿಂದ ಕೋಶ ತೊಳೆಯಬಾರದು ಎಂದು ಇಂದಿನ ಕೈಪಿಡಿಗಳು ಕೊಡುವ ಎಚ್ಚರಿಕೆಯ ಹಿಂದಿರುವುದೂ 1921ರ ಆ ವುಲ್‌ವಿಚ್ ಪ್ರಬಂಧದ ರಸಾಯನವೇ.