ಡಿಸ್ಕ್ ಸರಿ ಇದೆಯಂತೆ, ತಾಳಮದ್ದಳೆ ಎಲ್ಲಿ?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಊರಿಂದ ಮಾವನ ಫೋನು. "ಏನೋ ಮಾರಾಯ, ಡಿಸ್ಕಲ್ಲಿ ಏನೂ ತೊಂದರೆ ಇಲ್ಲ ಅಂತಿದೆ ಕಂಪ್ಯೂಟ್ರು. ಹಾಗಾದ್ರೆ ನನ್ನ ತಾಳಮದ್ದಳೆ ಎಲ್ಲಿ ಹೋಯ್ತು?"

ವಿಷಯ ಇಷ್ಟು. ಮಾವ ಎರಡು ವರ್ಷ ಕೂತು ತಮ್ಮ ತಾಳಮದ್ದಳೆ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬಿದ್ದರು. ಬೂಸ್ಟು ಹಿಡಿದ ಕ್ಯಾಸೆಟ್ಟುಗಳು ಆಮೇಲೆ ಗುಜರಿಗೆ ಹೋದವು. ಮೊನ್ನೆ ಕರೆಂಟು ಹೋದಾಗ ಡಿಸ್ಕ್ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಮತ್ತೆ ಚಾಲೂ ಮಾಡಿದರೆ, ಡಿಸ್ಕಲ್ಲಿ ತೊಂದರೆ ಇದೆ, ಸರಿಪಡಿಸಲೇ ಅಂತ ವಿಂಡೋಸ್ ಕೇಳಿತು. ಯಾರು ತಾನೇ ಬೇಡ ಅಂತಾರೆ? ಮಾವ ಒತ್ತಿದರು. ಈಗ ಡಿಸ್ಕ್ ಆರೋಗ್ಯವಾಗಿದೆ. ಒಳಗೆ ಮಾತ್ರ ಅರ್ಧ ಫೋಲ್ಡರುಗಳಿಲ್ಲ, ಅವುಗಳ ಜಾಗದಲ್ಲಿ 'ಫೌಂಡ್.000' ಅನ್ನೋ ಅಪರಿಚಿತ ಫೋಲ್ಡರು.

ಕಂಪ್ಯೂಟರ್ ಹೇಳಿದ್ದು ಸುಳ್ಳಲ್ಲ. ಮಾವ ಹೇಳಿದ್ದೂ ಸುಳ್ಳಲ್ಲ. ಎರಡೂ ಹೇಗೆ ನಿಜ ಅಂತ ಮಾವನಿಗೆ ತಿಳಿಸಿ ಹೇಳೋಕೆ ಹೊರಟು ನಾನೇ ಸ್ವಲ್ಪ ಇತಿಹಾಸ ಓದಬೇಕಾಯ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಹೋಲಿಕೆ. ಡಿಸ್ಕನ್ನ ಒಂದು ಊರಿನ ಜಮೀನು ಅಂದುಕೊಳ್ಳಿ. ಯಾವ ಸರ್ವೆ ನಂಬರು ಯಾರದ್ದು ಅಂತ ಬರೆದಿಡೋ ಪಹಣಿ ಬೇರೆ. ಜಮೀನೇ ಕೆಡಬಹುದು, ಅಥವಾ ಜಮೀನು ಚೆನ್ನಾಗಿದ್ದು ಪಹಣಿ ಕೆಡಬಹುದು. 'ಡಿಸ್ಕ್ ಎರರ್' ಅನ್ನೋ ಒಂದೇ ಮಾತಿನಲ್ಲಿ ನಾವು ಈ ಎರಡನ್ನೂ ಸೇರಿಸಿ ಹೇಳ್ತೀವಿ. ಇವೆರಡರ ಇತಿಹಾಸವೂ ಬೇರೆ ಬೇರೆ.

ಜಮೀನಿನ ಕಥೆ ಹಳೆಯದು, ಡಿಸ್ಕಿಗಿಂತಲೂ ಹಳೆಯದು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞನಿಗೆ ರಿಲೇ ಕಂಪ್ಯೂಟರ್ ಸಿಗ್ತಾ ಇದ್ದದ್ದು ವಾರಾಂತ್ಯದಲ್ಲಿ. ನೋಡಿಕೊಳ್ಳೋಕೆ ಯಾರೂ ಇಲ್ಲದಾಗ ಯಂತ್ರಕ್ಕೆ ತಪ್ಪು ಕಂಡರೆ ಆ ಕೆಲಸವನ್ನ ಅಲ್ಲಿಗೇ ಬಿಟ್ಟು ಮುಂದಿನದ್ದಕ್ಕೆ ಹೋಗೋದು. ಸೋಮವಾರ ಬಂದು ನೋಡಿದರೆ ಉತ್ತರವೇ ಇಲ್ಲ. ತಪ್ಪಾಗಿದೆ ಅಂತ ಯಂತ್ರಕ್ಕೆ ಗೊತ್ತಾಗೋದಾದರೆ, ಎಲ್ಲಿ ತಪ್ಪಾಗಿದೆ ಅಂತ ತಿಳಿದು ತಾನೇ ಯಾಕೆ ತಿದ್ದಿಕೊಳ್ಳಬಾರದು ಅಂತ ಸಿಟ್ಟಲ್ಲಿ ಯೋಚಿಸಿದವನು 1950ರಲ್ಲಿ ಅದಕ್ಕೆ ದಾರಿ ತೋರಿಸಿ ಲೇಖನ ಪ್ರಕಟಿಸಿದ. ಮಾಹಿತಿಯ ಜೊತೆಗೆ ಕೆಲವು ಹೆಚ್ಚುವರಿ ಬಿಟ್‌ಗಳನ್ನ ಲೆಕ್ಕ ಹಾಕಿ ಇಡೋದು. ಒಂದು ಬಿಟ್ ತಪ್ಪಿದರೆ ಯಾವುದು ಅಂತ ಲೆಕ್ಕವೇ ಹೇಳುತ್ತೆ.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆಗೆ. 24 ಇಂಚು ಅಗಲದ 50 ತಟ್ಟೆಗಳು, ಹಿಡಿಸ್ತಾ ಇದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಮಾವನ ಒಂದು ಪ್ರಸಂಗದ ಕಾಲು ಭಾಗವೂ ಅದರಲ್ಲಿ ಹಿಡಿಸೋದಿಲ್ಲ! ಆಮೇಲೆ ತಟ್ಟೆ ಚಿಕ್ಕದಾಗ್ತಾ, ಬಿಟ್‌ಗಳು ಒತ್ತೊತ್ತಾಗ್ತಾ ಬಂದ ಹಾಗೆ ಓದುವಾಗ ತಪ್ಪಾಗೋದು ಮಾಮೂಲಾಯ್ತು. ಇವತ್ತಿನ ಡಿಸ್ಕ್ ಹ್ಯಾಮಿಂಗ್ ಹಾಕಿದ ದಾರಿಯ ಮುಂದುವರಿದ ಲೆಕ್ಕಗಳಿಂದ ತನ್ನ ತಪ್ಪನ್ನ ಸದಾ ತಿದ್ದಿಕೊಳ್ತಾನೇ ಇರುತ್ತೆ. ಕೆಟ್ಟ ಸೆಕ್ಟರ್ ಸಿಕ್ಕರೆ ಗುಟ್ಟಾಗಿ ಮೀಸಲು ಜಾಗಕ್ಕೆ ಬದಲಾಯಿಸಿಕೊಳ್ಳುತ್ತೆ. ನಮಗೆ ಗೊತ್ತಾಗೋದು ಅದರ ಕೈಮೀರಿದಾಗ ಮಾತ್ರ.

ಈಗ ಪಹಣಿಯ ಕಥೆ. ಯುನಿಕ್ಸ್‌ನ ಆರಂಭದ ದಿನಗಳಲ್ಲಿ ಯಂತ್ರ ನಡುವೆ ನಿಂತುಹೋದರೆ ಡಿಸ್ಕಿನ ಲೆಕ್ಕ ಅರ್ಧಂಬರ್ಧ ಆಗೋದು. ಒಂದೇ ಸರ್ವೆ ನಂಬರಿಗೆ ಇಬ್ಬರು ಮಾಲೀಕರು, ಇನ್ನೊಂದಕ್ಕೆ ಯಾರೂ ಇಲ್ಲ. ಆಗ ಐಚೆಕ್, ಡಿಚೆಕ್, ಎನ್‌ಚೆಕ್ ಅನ್ನೋ ಮೂರು ಬಿಡಿ ಸಲಕರಣೆಗಳಿಂದ ತಪ್ಪು ಹುಡುಕಿ, ತಿಳಿದವರು ಕೈಯಾರೆ ತಿದ್ದಬೇಕಿತ್ತು. 1970ರ ದಶಕದ ಕೊನೆಯಲ್ಲಿ ಟೆಡ್ ಕೊವಾಲ್‌ಸ್ಕಿ ಈ ಕೆಲಸವನ್ನೆಲ್ಲ ಒಂದುಗೂಡಿಸಿ 'ಎಫ್‌ಎಸ್‌ಸಿಕೆ' ಬರೆದ. ಅದು ಹೆಜ್ಜೆ ಹೆಜ್ಜೆಗೂ ಪ್ರಶ್ನೆ ಕೇಳೋದು. ಈ ಫೈಲಿನ ಲೆಕ್ಕ ಹೊಂದೋದಿಲ್ಲ, ಅಳಿಸಲೇ? ಇದಕ್ಕೆ ಮಾಲೀಕರಿಲ್ಲ, ಮತ್ತೆ ಸೇರಿಸಲೇ? ಸೇರಿಸು ಅಂದರೆ ಆ ಅನಾಥ ಫೈಲುಗಳೆಲ್ಲ 'ಲಾಸ್ಟ್ ಅಂಡ್ ಫೌಂಡ್' ಅನ್ನೋ ಫೋಲ್ಡರಿಗೆ ಹೋಗೋವು, ಹೆಸರಿಲ್ಲದೆ, ಬರೀ ನಂಬರ್ ಹೊತ್ತುಕೊಂಡು. ಮಾವನ 'ಫೌಂಡ್.000' ಈ ಫೋಲ್ಡರಿನ ದಾಯಾದಿಯೇ.

ಇದರ ಉದ್ದೇಶ ಗಮನಿಸಿ. ಲೆಕ್ಕ ಹೊಂದಬೇಕು, ಯಂತ್ರ ಮತ್ತೆ ಕೆಲಸ ಶುರು ಮಾಡಬೇಕು, ಅಷ್ಟೇ. ಹೊಲದಲ್ಲಿ ಬೆಳೆ ಇದೆಯೋ ಇಲ್ಲವೋ ಅಂತ ನೋಡೋದು ಪಹಣಿ ತಿದ್ದುವವನ ಕೆಲಸ ಅಲ್ಲ. ಒಂದು ನಮೂದನ್ನ ಹೊಡೆದುಹಾಕಿದರೆ ಲೆಕ್ಕ ಹೊಂದುತ್ತೆ ಅಂತಾದರೆ ಹೊಡೆದುಹಾಕಿ ಮುಂದೆ ಹೋಗೋದೇ.

ನಮ್ಮ ಮನೆ ಕಂಪ್ಯೂಟರುಗಳ ಕಡೆ 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಡಾಸ್ ಜೊತೆಗೇ 'ಚೆಕ್‌ಡಿಸ್ಕ್' ಬಂತು. ಅದೂ ಪಹಣಿ ನೋಡುವ ಗ್ರಾಮ ಲೆಕ್ಕಿಗನೇ. ಯಾರದ್ದೂ ಅಲ್ಲದ ತುಂಡುಗಳು ಸಿಕ್ಕಿವೆ, ಫೈಲ್ ಮಾಡಲೇ ಅಂತ ಕೇಳಿ, ಹೂಂ ಅಂದರೆ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ ಅಂತ ಹೆಸರಿಡೋದು. ಅಷ್ಟು ವರ್ಷ ಕಳೆದರೂ ಮಾವನ ಡಿಸ್ಕಲ್ಲಿ ಅದೇ ಹೆಸರುಗಳು!

ತಿದ್ದುವವನೇ ತಪ್ಪಿದ ಪ್ರಸಂಗವೂ ಉಂಟು. 1991ರ ಎಂಎಸ್-ಡಾಸ್ 5ರಲ್ಲಿ, ಒಂದು ನಿರ್ದಿಷ್ಟ ಅಳತೆಯ ಪಾರ್ಟಿಷನ್ ಮೇಲೆ ಚೆಕ್‌ಡಿಸ್ಕ್‌ನಿಂದ ರಿಪೇರಿ ಮಾಡಿಸಿದರೆ ಚೆನ್ನಾಗಿದ್ದ ಪಹಣಿಯೇ ಕೆಡ್ತಾ ಇತ್ತು. ಮೈಕ್ರೋಸಾಫ್ಟ್ ಆಮೇಲೆ ಅದನ್ನ ಸರಿಪಡಿಸಿತು. 1993ರಲ್ಲಿ ಡಾಸ್ 6.2 ಜೊತೆಗೆ ಸ್ಕ್ಯಾನ್‌ಡಿಸ್ಕ್ ಬಂತು. ಇದು ಪಹಣಿಯ ಜೊತೆಗೆ ಬೇಕಿದ್ದರೆ ಜಮೀನನ್ನೂ ಸುತ್ತಿ ನೋಡೋದು. ವಿಂಡೋಸ್ 98ರ ಹೊತ್ತಿಗೆ, ಸರಿಯಾಗಿ ಶಟ್‌ಡೌನ್ ಮಾಡದಿದ್ದರೆ ಅದು ಕೇಳದೆಯೇ ಓಡಿಬರೋದು. ನಮ್ಮ ಶಾಲೆಯ ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲಿ ಆ ನೀಲಿ ಪರದೆ ನೋಡಿ, ನಾನೇ ಏನೋ ಹಾಳು ಮಾಡಿದೆ ಅಂತ ಬೆವರಿದ್ದು ನನಗಿನ್ನೂ ನೆನಪಿದೆ.

ಪ್ರಶ್ನೆ ಕೇಳುತ್ತಿದ್ದ ಸಲಕರಣೆ ಹೀಗೆ ನಿಧಾನಕ್ಕೆ ಪ್ರಶ್ನೆ ಕೇಳೋದನ್ನೇ ಬಿಟ್ಟಿತು. ಕೊನೆಗೆ ಉಳಿದದ್ದು ಒಂದೇ ಬಟನ್ನು: ಸರಿಪಡಿಸು. ಹೊಸಬರಿಗೆ ಸುಲಭವಾಗಲಿ ಅಂತಲೇ ಮಾಡಿದ್ದು, ಒಪ್ಪೋಣ. ಆದರೆ 'ಅಳಿಸಲೇ?' ಅನ್ನೋ ಮಾತು ಎಲ್ಲೂ ಕಾಣದೆ ಇರೋದರಿಂದ, ಸರಿಪಡಿಸೋದು ಅಂದರೆ ಉಳಿಸಿಕೊಡೋದು ಅಂತ ಮಾವ ಅಂದುಕೊಂಡರು. ನಾನಾಗಿದ್ದರೂ ಅಷ್ಟೇ.

ಹಾಗಾದರೆ ಡಿಸ್ಕ್ ಸಾಯೋದನ್ನ ಮೊದಲೇ ತಿಳಿಯೋಕೆ ಆಗಲ್ವಾ? 1990ರ ದಶಕದಲ್ಲಿ ಅದಕ್ಕೇ 'ಸ್ಮಾರ್ಟ್' ಅನ್ನೋ ವ್ಯವಸ್ಥೆ ಬಂತು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಳ್ಳುತ್ತೆ. 2007ರಲ್ಲಿ ಗೂಗಲ್‌ನ ಮೂವರು ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನ ಗಮನಿಸಿ ವರದಿ ಬರೆದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ 60 ದಿನದೊಳಗೆ ಕೈಕೊಡುವ ಸಾಧ್ಯತೆ, ಅಂಥ ಎರರ್ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೈಕೊಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದರೆ ಎರರ್ ಇದೆ ಅಂದರೆ ನಂಬಿ, ಇಲ್ಲ ಅಂದರೆ ನಂಬಬೇಡಿ.

ಇಷ್ಟೆಲ್ಲ ಓದಿ ನಾನು ಮಾವನಿಗೆ ಹೇಳಿದ್ದು ಮೂರೇ ಮಾತು. ಡಿಸ್ಕ್ ತಕರಾರು ಮಾಡಿದರೆ ಮೊದಲು ಓದೋಕೆ ಬಂದಷ್ಟನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಚೆಕ್‌ಡಿಸ್ಕನ್ನ /ಎಫ್ ಸೇರಿಸದೆ ಓಡಿಸಿ, ಆಗ ಅದು ಬರೀ ನೋಡಿ ವರದಿ ಕೊಡುತ್ತೆ, ಕೈ ಹಾಕೋದಿಲ್ಲ. ರಿಪೇರಿ ಕೊನೆಗೆ. ಎಲ್ಲಕ್ಕಿಂತ ಮುಖ್ಯ, ಒಂದೇ ಕಡೆ ಇರೋ ವಸ್ತುವನ್ನ ಉಳಿದಿದೆ ಅಂತ ಲೆಕ್ಕಕ್ಕೆ ಹಿಡೀಬೇಡಿ.

ಮುಂದಿನ ಶನಿವಾರ ಊರಿಗೆ ಹೋಗಿ ಕೂತೆ. ಮೊದಲು ಇಡೀ ಡಿಸ್ಕಿನ ಕಾಪಿ ಮಾಡಿಕೊಂಡೆ. ಅದೃಷ್ಟಕ್ಕೆ ಡಿಸ್ಕ್ ಹಳೇ ಫ್ಯಾಟ್32 ಪದ್ಧತಿಯದು, ಬಹಳಷ್ಟು ಕಡೆ ಹೆಸರು ಹೋಗಿದ್ದರೂ ತುಂಡುಗಳ ಸರಪಳಿ ಹರಿದಿರಲಿಲ್ಲ. ಕಾಪಿಯಲ್ಲಿದ್ದ ಸಿಎಚ್‌ಕೆ ಫೈಲುಗಳ ಬಾಲ ಕಿತ್ತು ಎಂಪಿ3 ಅಂತ ಅಂಟಿಸಿದೆ. ಮೊದಲನೆಯದನ್ನ ಒತ್ತಿದ ಕೂಡಲೇ ಚಂಡೆ ಕೇಳಿಸ್ತು.

ಹೆಸರಿಲ್ಲದ ಫೈಲುಗಳಿಗೆ ಹೆಸರು ಹಚ್ಚೋ ಕೆಲಸ ಯಾವ ಸಲಕರಣೆಗೂ ಬರೋದಲ್ಲ. ಮಾವ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳೋರು. "ವಾಲಿ ವಧೆ. ಮಳೆಗಾಲದಲ್ಲಿ ನಮ್ಮನೆ ಜಗಲಿಯಲ್ಲೇ ಆದದ್ದು, ಬರ್ಕೋ." ನಾನು ಟೈಪ್ ಮಾಡ್ತಾ ಹೋದೆ. ಕೆಲವು ನಡುವೆಯೇ ತುಂಡಾಗ್ತಾ ಇದ್ದವು, ಅರ್ಥ ಹೇಳ್ತಾ ಹೇಳ್ತಾ ವಾಲಿಯ ದನಿ ಗಕ್ಕನೆ ನಿಲ್ಲೋದು. ಆಗ ಮಾವ ಒಂದು ಕ್ಷಣ ಸುಮ್ಮನಿದ್ದು, ಮುಂದಿನ ಮಾತನ್ನ ತಾವೇ ಹೇಳಿ ಮುಗಿಸೋರು.

ಆ ಮಾತುಗಳನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೀನಿ. ಈ ಸಲ ಎರಡು ಕಡೆ ಇಟ್ಟಿದ್ದೀನಿ.