ಬೆಳಕನ್ನೇ ಹಿಂದಿಕ್ಕಿದ ಕ್ವೇಸಾರ್!?

ಔಟ್‌ಪುಟ್‌ನಲ್ಲಿ ಅಸಾಧ್ಯವಾದ ಸಂಖ್ಯೆ ಕಂಡ್ರೆ ನಮ್ಮ ಸಾಫ್ಟ್‌ವೇರ್ ಜನರ ಮೊದಲ ಮಾತು, "ಎಲ್ಲೋ ಬಗ್ ಇದೆ ಬಿಡಿ". ಹಾಗಂತ ಎಸೆಯದೆ ಉಳಿಸಿಕೊಂಡ ಒಂದು ಸಂಖ್ಯೆಯ ಕಥೆ ಇದು.

1970ರ ಅಕ್ಟೋಬರ್. ಅಮೆರಿಕದ ಇರ್ವಿನ್ ಶಪೀರೋ ಮತ್ತು ಸಂಗಡಿಗರು 3ಸಿ 279 ಅನ್ನೋ ಕ್ವೇಸಾರನ್ನು ನೋಡ್ತಾ ಇದ್ದರು. (ಕ್ವೇಸಾರ್ ಅಂದ್ರೆ ದೈತ್ಯ ಕಪ್ಪುರಂಧ್ರವಿರುವ, ದೂರದ ಗೆಲಾಕ್ಸಿಯೊಂದರ ಉರಿಯುವ ನಡುಭಾಗ.) ಉದ್ದೇಶ ಬೇರೆಯೇ ಇತ್ತು: ಸೂರ್ಯನ ಪಕ್ಕ ಹಾದುಬರುವ ರೇಡಿಯೋ ಅಲೆ ಐನ್‌ಸ್ಟೈನ್ ಹೇಳಿದಷ್ಟೇ ಬಾಗುತ್ತಾ ಅಂತ ಪರೀಕ್ಷಿಸೋದು. ಒಂದು ಆಂಟೆನಾ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ, ಇನ್ನೊಂದು ಮ್ಯಾಸಚೂಸೆಟ್ಸ್‌ನ ಹೇಸ್ಟ್ಯಾಕ್‌ನಲ್ಲಿ. ನಡುವೆ ಸುಮಾರು 3900 ಕಿ.ಮೀ. ಎರಡೂ ಕಡೆ ಪರಮಾಣು ಗಡಿಯಾರ ಇಟ್ಟುಕೊಂಡು ಟೇಪಿಗೆ ರೆಕಾರ್ಡ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಹೊಂದಿಸೋದು.

1971ರ ಫೆಬ್ರವರಿಯಲ್ಲಿ ಮತ್ತೆ ನೋಡಿದರೆ ಸಿಗ್ನಲ್ಲಿನ ವಿನ್ಯಾಸವೇ ಬದಲಾಗಿತ್ತು. ಒಳಗೆ ಎರಡು ಚುಕ್ಕೆಗಳಿದ್ದು ಅವು ದೂರ ಸರಿಯುತ್ತಿವೆ ಅಂದುಕೊಂಡರೆ ಲೆಕ್ಕ ಕೂಡುತ್ತಿತ್ತು. ಆದರೆ ವೇಗ? ಬೆಳಕಿನ ವೇಗದ ಸುಮಾರು 10 ಪಟ್ಟು!

ಒಂದೇ ಜೋಡಿ ಆಂಟೆನಾದಿಂದ ಪೂರ್ತಿ ಚಿತ್ರ ಸಿಗಲ್ಲ. ಹಾಗಾಗಿ ಕೆಲವರು, ಏನೂ ಚಲಿಸ್ತಿಲ್ಲ, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಥರ ಒಂದು ಆರಿ ಇನ್ನೊಂದು ಹತ್ತಿಕೊಳ್ತಿದೆ ಅಷ್ಟೇ ಅಂದರು. (ಅವರು ಹೇಳಿದ್ದು ಕ್ರಿಸ್‌ಮಸ್ ಮರದ ದೀಪ, ಪೆಂಡಾಲು ನನ್ನದು.)

ಮಜಾ ಏನಪ್ಪಾ ಅಂದ್ರೆ, ಉತ್ತರ 1966ರಲ್ಲೇ ಅಚ್ಚಾಗಿತ್ತು. ಬರೆದವರು ಆಗ 24 ವರ್ಷದ ಮಾರ್ಟಿನ್ ರೀಸ್. ಒಂದು ಉಂಡೆ ಬೆಳಕಿನ ಶೇ. 99 ವೇಗದಲ್ಲಿ, ಹೆಚ್ಚುಕಡಿಮೆ ನಮ್ಮ ಕಡೆಗೇ, ಬರೀ 8 ಡಿಗ್ರಿ ಓರೆಯಾಗಿ ಬರ್ತಿದೆ ಅಂದುಕೊಳ್ಳಿ. 50 ವರ್ಷದಲ್ಲಿ ಅದು ನಮ್ಮತ್ತ 49 ಜ್ಯೋತಿರ್ವರ್ಷ, ಪಕ್ಕಕ್ಕೆ ಸುಮಾರು 7 ಜ್ಯೋತಿರ್ವರ್ಷ ಸಾಗಿರುತ್ತೆ. ತಾನು ಮೊದಲು ಕಳಿಸಿದ ಬೆಳಕನ್ನು ಉಂಡೆಯೇ ಬೆನ್ನಟ್ಟಿಕೊಂಡು ಬಂದಿರೋದರಿಂದ, ಮೊದಲ ಮತ್ತು ಕೊನೆಯ ನೋಟ ನಮಗೆ ಒಂದೇ ವರ್ಷದ ಅಂತರದಲ್ಲಿ ಸಿಗುತ್ತವೆ. ಒಂದು ವರ್ಷದಲ್ಲಿ 7 ಜ್ಯೋತಿರ್ವರ್ಷ! ಬೆಳಕಿನ ವೇಗವನ್ನು ಯಾರೂ ಮೀರಿಲ್ಲ, ಮೀರಿದ ಹಾಗೆ ಕಂಡಿದೆ.

ಅನುಮಾನ ಕರಗಿದ್ದು 1981ರಲ್ಲಿ. ಟಿಮ್ ಪಿಯರ್‌ಸನ್ ಮತ್ತು ಸಂಗಡಿಗರು ಹಲವು ಆಂಟೆನಾಗಳನ್ನು ಜೋಡಿಸಿ, 1977ರಿಂದ 1980ರವರೆಗೆ ತೆಗೆದ 3ಸಿ 273ರ ರೇಡಿಯೋ ಚಿತ್ರಗಳನ್ನು ಪ್ರಕಟಿಸಿದರು. ಜೆಟ್ಟಿನೊಳಗಿನ ಒಂದು ಉಂಡೆ ಕೇಂದ್ರದಿಂದ ದೂರ ಸರಿಯೋದು ಕಣ್ಣಿಗೇ ಕಾಣಿಸ್ತಿತ್ತು. ಅವರ ಲೆಕ್ಕದಲ್ಲಿ ಮೂರು ವರ್ಷಕ್ಕೆ 25 ಜ್ಯೋತಿರ್ವರ್ಷ. ಸೀರಿಯಲ್ ಸೆಟ್ ವಾದ ಅಲ್ಲಿಗೆ ಸೋತಿತು.

ಐನ್‌ಸ್ಟೈನ್‌ಗೆ ಏನೂ ಆಗಲಿಲ್ಲ. ಕ್ವೇಸಾರ್‌ನಿಂದ ಚಿಮ್ಮುವ ಜೆಟ್ ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟೇ ಕಡಿಮೆ ಅನ್ನೋದು ನಮಗೆ ಗೊತ್ತಾಗಿದ್ದೇ ಆ "ಅಸಾಧ್ಯ" ಸಂಖ್ಯೆಯಿಂದ. ನಿಮಗೂ ಇಂಥ ಕಥೆ ಗೊತ್ತಿದ್ರೆ ಬರೀರಿ, ಓದೋಕೆ ನಾನಂತೂ ರೆಡಿ :)