ಆ ರೈಲಿನಲ್ಲಿ ನಾವೆಲ್ಲ ಇದ್ದೆವು

ಎಲ್ಲೇ ಉಗ್ರರ ದಾಳಿ ಆಗಲಿ, ಮರುದಿನವೇ ಒಂದು ಮಾತು ಶುರುವಾಗುತ್ತೆ: ‘ಯುದ್ಧ ಬೇಡ ಅನ್ನೋನು ಉಗ್ರರ ಪರ.’ ಟಿವಿಯಲ್ಲೂ ಇದೇ, ವಾಟ್ಸಾಪಿನಲ್ಲೂ ಇದೇ, ಬಸ್ ಸ್ಟ್ಯಾಂಡಿನಲ್ಲೂ ಇದೇ. ಗೆಳೆಯರೇ, ಈ ಮಾತು ಸುಳ್ಳು ಅಂತ ಒಂದು ಇಡೀ ದೇಶದ ಜನ ಬೀದಿಗಿಳಿದು ತೋರಿಸಿಕೊಟ್ಟಿದ್ದಾರೆ. ಆ ದೇಶ ಸ್ಪೇನ್. ಅಮೆರಿಕದ ಮಿತ್ರದೇಶ, 1982ರಿಂದ ನ್ಯಾಟೋ ಸದಸ್ಯ. ಸರ್ವಾಧಿಕಾರಿ ಫ್ರಾಂಕೋ 1953ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಅಲ್ಲಿ ಅಮೆರಿಕದ ಸೇನಾ ನೆಲೆಗಳು ಬಂದವು. ಈ ಚರಿತ್ರೆ ನಮ್ಮವರಿಗೆ ಗೊತ್ತಿರಬೇಕು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಪೂರ್ತಿ ಓದಿ.

ಮೊದಲನೆಯದು, ಸ್ಪೇನಿನ ಜನಕ್ಕೆ ಭಯೋತ್ಪಾದನೆ ಅಂದರೆ ಪೇಪರಿನ ಸುದ್ದಿ ಆಗಿರಲಿಲ್ಲ. ಪ್ರತ್ಯೇಕ ಬಾಸ್ಕ್ ನಾಡಿಗಾಗಿ ಬಂದೂಕು ಹಿಡಿದ ಇಟಿಎ ಸಂಘಟನೆ ದಶಕಗಳ ಕಾಲದಲ್ಲಿ 800ಕ್ಕೂ ಹೆಚ್ಚು ಜನರನ್ನ ಕೊಂದಿತ್ತು. ಜನ ಇದನ್ನ ಸಹಿಸಿಕೊಂಡು ಕೂತಿರಲಿಲ್ಲ. 1996ರಲ್ಲಿ ಸಾಂವಿಧಾನಿಕ ನ್ಯಾಯಾಲಯದ ಮಾಜಿ ಅಧ್ಯಕ್ಷ, ಪ್ರಾಧ್ಯಾಪಕ ತೋಮಾಸ್ ಇ ವಾಲಿಯೆಂತೆ ಅವರನ್ನ ವಿಶ್ವವಿದ್ಯಾಲಯದ ಅವರ ಕೊಠಡಿಯಲ್ಲೇ ಕೊಂದಾಗ, ವಿದ್ಯಾರ್ಥಿಗಳು ಅಂಗೈಗೆ ಬಿಳಿ ಬಣ್ಣ ಬಳಿದುಕೊಂಡು ಬೀದಿಗೆ ಬಂದರು. ನಮ್ಮ ಕೈಗೆ ರಕ್ತ ಅಂಟಿಲ್ಲ ಅನ್ನೋದು ಅದರ ಅರ್ಥ. 1997ರಲ್ಲಿ ಎರ್ಮುವಾ ಎಂಬ ಸಣ್ಣ ಊರಿನ ಕೌನ್ಸಿಲರ್ ಮಿಗೆಲ್ ಆಂಖೆಲ್ ಬ್ಲಾಂಕೋನ ಅಪಹರಿಸಿ ಕೊಂದಾಗ ಲಕ್ಷಲಕ್ಷ ಜನ ಹೊರಗೆ ಬಂದರು.

ಇದೇ ಜನ ಸರ್ಕಾರದ ಸೇಡನ್ನೂ ಕಂಡಿದ್ದರು. 1983ರಿಂದ 87ರವರೆಗೆ ‘ಗಾಲ್’ ಎಂಬ ಗುಪ್ತ ಪಡೆ, ಇಟಿಎಯವರನ್ನ ಮುಗಿಸ್ತೀವಿ ಅಂತ ಹೊರಟು 27 ಜನರನ್ನ ಕೊಂದಿತು. ಅವರಲ್ಲಿ ಇಟಿಎಗೆ ಸಂಬಂಧವೇ ಇಲ್ಲದವರೂ ಇದ್ದರು. ಪೀಠೋಪಕರಣ ಮಾರುತ್ತಿದ್ದ ಒಬ್ಬ ಅಮಾಯಕನನ್ನ ಬೇರೆ ಯಾರೋ ಅಂದುಕೊಂಡು ಅಪಹರಿಸಿದರು. ಆ ಪಡೆಯ ಹಿಂದೆ ಸರ್ಕಾರದ ದುಡ್ಡಿತ್ತು, ಪೊಲೀಸರಿದ್ದರು. ಆ ಅಪಹರಣದ ಕೇಸಿನಲ್ಲಿ 1998ರಲ್ಲಿ ಮಾಜಿ ಗೃಹಮಂತ್ರಿ ಬಾರಿಯೊನುಯೆವೊ ಜೈಲಿಗೆ ಹೋದರು. ಸೇಡು ಕಾನೂನಿನ ಆಚೆ ಹೋದರೆ ಮೊದಲು ಸಾಯೋರು ಯಾರು ಅನ್ನೋದು ಸ್ಪೇನಿಗೆ ಹೀಗೆ ಗೊತ್ತಾಗಿತ್ತು.

ಈಗ 2003ಕ್ಕೆ ಬನ್ನಿ. ಇರಾಕ್ ಮೇಲೆ ಯುದ್ಧಕ್ಕೆ ಬುಷ್ ಸಿದ್ಧ ಆಗ್ತಿದ್ದಾನೆ. ಸ್ಪೇನ್ ಪ್ರಧಾನಿ ಅಸ್ನಾರ್ ಅವನ ಜೊತೆ ನಿಂತರು. ಅಸ್ನಾರ್ ಕೂಡ ಇಟಿಎ ಬಾಂಬಿನಿಂದ ಕೂದಲೆಳೆಯಲ್ಲಿ ಪಾರಾದವರೇ. ಆದರೆ ಜನ? ಫೆಬ್ರವರಿ 15ರಂದು ಮ್ಯಾಡ್ರಿಡ್, ಬಾರ್ಸಿಲೋನಾ ಬೀದಿಗಳು ‘ಯುದ್ಧ ಬೇಡ’ ಅನ್ನೋ ಜನರಿಂದ ತುಂಬಿ ಹೋದವು. ಬಾರ್ಸಿಲೋನಾ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ. ಸರ್ಕಾರಿ ಸಂಸ್ಥೆಯೇ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ 90ರಷ್ಟು ಜನ ಯುದ್ಧ ವಿರೋಧಿಸಿದರು. ಆ ತೊಂಬತ್ತೂ ಜನ ಉಗ್ರರ ಪರವಾ? ಇಟಿಎ ವಿರುದ್ಧ ಬಿಳಿ ಕೈ ಎತ್ತಿದವರೇ ಅವರು!

ಅಸ್ನಾರ್ ಕೇಳಲಿಲ್ಲ. ಮಾರ್ಚ್ 16ರಂದು ಅಸೋರ್ಸ್ ದ್ವೀಪದಲ್ಲಿ ಬುಷ್, ಬ್ಲೇರ್ ಜೊತೆ ಫೋಟೋಗೆ ನಿಂತರು. ನಾಲ್ಕೇ ದಿನಕ್ಕೆ ಯುದ್ಧ. ಆಮೇಲೆ ಸುಮಾರು 1,300 ಸ್ಪೇನ್ ಸೈನಿಕರು ಇರಾಕಿಗೆ ಹೋದರು. ಯುದ್ಧಕ್ಕೆ ಕೊಟ್ಟ ಕಾರಣವಾದ ಆ ಸಮೂಹನಾಶಕ ಅಸ್ತ್ರಗಳು ಸಿಗಲೇ ಇಲ್ಲ.

2004ರ ಮಾರ್ಚ್ 11, ಚುನಾವಣೆಗೆ ಮೂರು ದಿನ ಬಾಕಿ. ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ಮ್ಯಾಡ್ರಿಡ್‌ಗೆ ಬರುತ್ತಿದ್ದ ನಾಲ್ಕು ಲೋಕಲ್ ಟ್ರೈನುಗಳಲ್ಲಿ ಹತ್ತು ಬಾಂಬು ಸಿಡಿದವು. 191 ಸಾವು, 1,800ಕ್ಕೂ ಹೆಚ್ಚು ಜನಕ್ಕೆ ಗಾಯ. ಆ ಹೊತ್ತಲ್ಲಿ ಆ ಟ್ರೈನಿನಲ್ಲಿ ಯಾರಿರ್ತಾರೆ ಯೋಚನೆ ಮಾಡಿ. ಮಂತ್ರಿಗಳಿರಲ್ಲ. ಕಟ್ಟಡ ಕೆಲಸದವರು, ಮನೆಗೆಲಸಕ್ಕೆ ಹೋಗೋ ಹೆಂಗಸರು, ಕಾಲೇಜು ಹುಡುಗರು. ರೊಮೇನಿಯಾ, ಈಕ್ವೆಡಾರ್, ಪೆರು, ಮೊರಾಕೊದಿಂದ ಹೊಟ್ಟೆಪಾಡಿಗೆ ಬಂದ ವಲಸಿಗರು. ಬಾಂಬು ಸಿಡಿದ ಎಲ್ ಪೋಸೋ ಸ್ಟೇಷನ್ನು ಬಡ ಕೂಲಿಕಾರರೇ ಕಟ್ಟಿಕೊಂಡ ಬಡಾವಣೆಯದ್ದು. ಗಾಯಗೊಂಡ ವಲಸಿಗರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಸರ್ಕಾರ ಆಮೇಲೆ ಪೌರತ್ವ ಕೊಡ್ತು. ಬಾಂಬು ಬಿದ್ದ ಮೇಲೆ ಸಿಕ್ಕ ಪೌರತ್ವ ಅದು.

ಅವತ್ತೇ ಸರ್ಕಾರ ಹೇಳಿದ್ದು: ಇದು ಇಟಿಎ ಕೆಲಸ. ಪ್ರಧಾನಿ ಖುದ್ದು ಪತ್ರಿಕಾ ಸಂಪಾದಕರಿಗೆ ಫೋನ್ ಮಾಡಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲೂ ಇಟಿಎ ಹೆಸರಲ್ಲೇ ಖಂಡನಾ ನಿರ್ಣಯ ಮಾಡಿಸಿದರು. ಯಾಕೆ? ಇಟಿಎ ಅಂದರೆ ವೋಟು. ಅಲ್‌ಖೈದಾ ದಾರಿಯವರು ಅಂದರೆ ಜನ ಇರಾಕ್ ಯುದ್ಧದ ಲೆಕ್ಕ ಕೇಳ್ತಾರೆ.

ಮರುದಿನ ಮಳೆಯಲ್ಲೇ ದೇಶದಾದ್ಯಂತ ಒಂದು ಕೋಟಿಗೂ ಹೆಚ್ಚು ಜನ ಬೀದಿಗೆ ಬಂದರು. ಸುಮಾರು ನಾಲ್ಕು ಕೋಟಿ ಜನರ ದೇಶ ಅದು. ಮೆರವಣಿಗೆಯ ಬ್ಯಾನರಿಗೆ ಸರ್ಕಾರ ಬರೆಸಿದ ಘೋಷಣೆಯಲ್ಲಿ ‘ಸಂವಿಧಾನದೊಂದಿಗೆ’ ಅನ್ನೋ ಪದ ಇತ್ತು. ಒಳ್ಳೇ ಪದವೇ. ಆದರೆ ಪ್ರತ್ಯೇಕತಾವಾದಿಗಳ ಕಡೆ ಬೆರಳು ತೋರಿಸೋಕೆ ಅದನ್ನ ಬಳಸಿದ್ದರು. ಸಂವಿಧಾನದ ಹೆಸರು ಹೇಳಿ ಸುಳ್ಳು ಮಾರೋದನ್ನ ನಾವೂ ಕಂಡಿದ್ದೀವಲ್ವಾ? ಜನರ ಕೈಯಲ್ಲಿ ಬೇರೆ ಮಾತಿತ್ತು: ‘ಆ ರೈಲಿನಲ್ಲಿ ನಾವೆಲ್ಲ ಇದ್ದೆವು.’ ಜೊತೆಗೆ ಒಂದು ಕೂಗು: ‘ಯಾರು ಮಾಡಿದ್ದು?’

13ನೇ ತಾರೀಕು ಸಿಡಿಯದ ಬಾಂಬಿನ ಮೊಬೈಲ್ ಜಾಡು ಹಿಡಿದು ಪೊಲೀಸರು ಐವರನ್ನ ಬಂಧಿಸಿದರು. ಮೂವರು ಮೊರಾಕೊದವರು, ಇಬ್ಬರು ಭಾರತೀಯರು. ಮೊಬೈಲ್ ಮಾರಾಟದ ಸಂಬಂಧ ಸಿಕ್ಕಿಬಿದ್ದ ಆ ಭಾರತೀಯರನ್ನ ಆಮೇಲೆ ಬಿಟ್ಟುಬಿಟ್ಟರು. ವಿಚಾರಣೆ ಅನ್ನೋದು ಯಾಕೆ ಬೇಕು ಅಂತ ಕೇಳೋರಿಗೆ ಇದೇ ಉತ್ತರ. ಅವತ್ತು ಸಂಜೆ ಎಸ್ಸೆಮ್ಮೆಸ್‌ಗಳು ಹರಿದಾಡಿದವು, ಆಡಳಿತ ಪಕ್ಷದ ಕಚೇರಿ ಮುಂದೆ ಸಾವಿರಾರು ಜನ ಸೇರಿದರು. ವೋಟು ಹಾಕೋಕೆ ಮುಂಚೆ ನಮಗೆ ಸತ್ಯ ಬೇಕು ಅಂದರು. 14ರಂದು ನೂರಕ್ಕೆ 75ಕ್ಕೂ ಹೆಚ್ಚು ಮತದಾನ. 350 ಸೀಟುಗಳಲ್ಲಿ ಸಮಾಜವಾದಿಗಳಿಗೆ 164, ಅಸ್ನಾರ್ ಪಕ್ಷಕ್ಕೆ 148. ಹೊಸ ಪ್ರಧಾನಿ ಸಪತೇರೋ ಏಪ್ರಿಲ್ 18ರಂದು ಇರಾಕಿನಿಂದ ಸೇನೆ ವಾಪಸ್ ಕರೆಸಿದರು.

‘ಉಗ್ರರಿಗೆ ಹೆದರಿ ಓಡಿದರು’ ಅಂತ ಆಗ ಎಷ್ಟೋ ಜನ ಹಂಗಿಸಿದರು. ಸೇನೆ ವಾಪಸ್ ಕರೆಸುವ ಭರವಸೆ ಬಾಂಬಿಗಿಂತ ಮುಂಚಿನದು. ಅಫ್ಘಾನಿಸ್ತಾನದಿಂದ ಸ್ಪೇನ್ ಸೇನೆ ವಾಪಸ್ ಬರಲೂ ಇಲ್ಲ. ಜನ ಸೋಲಿಸಿದ್ದು ಸುಳ್ಳನ್ನ. ಇನ್ನೊಂದು ಮುಖ್ಯ ವಿಷಯ: ಬಾಂಬು ಇಟ್ಟವರ ಧರ್ಮ ಗೊತ್ತಾದ ಮೇಲೂ ಜನ ಮುಸ್ಲಿಮರ ಬಡಾವಣೆಗಳಿಗೆ ಬೆಂಕಿ ಹಿಡಿದು ನುಗ್ಗಲಿಲ್ಲ.

ಅಪರಾಧಿಗಳನ್ನ ಬಿಟ್ಟರಾ? ಇಲ್ಲ. ಬಹಿರಂಗ ವಿಚಾರಣೆ ನಡೀತು. 2007ರ ಅಕ್ಟೋಬರ್ 31ರ ತೀರ್ಪಿನಲ್ಲಿ 28 ಆರೋಪಿಗಳ ಪೈಕಿ 21 ಮಂದಿಗೆ ಶಿಕ್ಷೆ, 7 ಮಂದಿ ಖುಲಾಸೆ. ಮರುವರ್ಷ ಸುಪ್ರೀಂ ಕೋರ್ಟು ಇನ್ನೂ ನಾಲ್ವರನ್ನ ಬಿಟ್ಟಿತು. ಇಟಿಎ ಕೈವಾಡಕ್ಕೆ ಪುರಾವೆ ಸಿಗಲಿಲ್ಲ.

ಮಗನನ್ನ ಆ ರೈಲಿನಲ್ಲಿ ಕಳೆದುಕೊಂಡ ತಾಯಿ, ಕಾರ್ಮಿಕ ಸಂಘಟನೆಯ ಪಿಲಾರ್ ಮನ್ಖೋನ್, ಸಂತ್ರಸ್ತರ ಪರವಾಗಿ 2004ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ ಕೂತರು. ನಮ್ಮ ನೋವನ್ನ ನಿಮ್ಮ ಪಕ್ಷಗಳ ಜಗಳಕ್ಕೆ ಬಳಸಿದಿರಿ ಅಂತ ಎಲ್ಲಾ ಪಕ್ಷದವರಿಗೂ ಮುಖಕ್ಕೆ ಹೇಳಿದರು. ಆಮೇಲೆ ಆಕೆಗೇ ಬೈಗುಳ, ಬೆದರಿಕೆ.

ಸಪತೇರೋನ ನಾನೇನೂ ಹೊಗಳ್ತಿಲ್ಲ. ಗಾಲ್ ಪಡೆ ಬೆಳೆದಿದ್ದು ಅವರದೇ ಪಕ್ಷದ ಸರ್ಕಾರದಲ್ಲಿ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. ರಕ್ತಪಾತದ ದಾರಿ ಬಿಡಿ ಅಂತ ಹೇಳಿದ್ದೂ ಅದೇ ಭಾಷಣದಲ್ಲೇ. ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು. ಬಾಂಬು ಇಟ್ಟವನನ್ನೂ ಒಪ್ಪಬೇಡಿ, ಬಾಂಬಿನ ಹೆಸರಲ್ಲಿ ವೋಟು ಕೇಳೋನನ್ನೂ ನಂಬಬೇಡಿ.

ನಾಳೆ ಯಾರಾದರೂ ನಿಮ್ಮನ್ನ ‘ನೀನು ಯಾರ ಪರ?’ ಅಂತ ಗದರಿಸಿದರೆ ಹೇಳಿ: ಆ ರೈಲಿನಲ್ಲಿ ಕೆಲಸಕ್ಕೆ ಹೊರಟಿದ್ದವರ ಪರ. ಇರಾಕಿನಲ್ಲಿ ವಿಮಾನದ ಸದ್ದಿಗೆ ಮಕ್ಕಳನ್ನ ಅವಚಿಕೊಂಡವರ ಪರ. ಇಬ್ಬರೂ ನಮ್ಮ ಜನ.

ಜೈಭೀಮ್.